ಕಾಕಾ ಎಂಬುವಿಗೆ ತೊಂದರೆಯಾಗದಂತೆ

ದಾರ್ ಎಸ್ ಸಲಾಮಿನ ಮಿಕೊಚೇನಿಯಲ್ಲಿರುವ ಉಪೇಪೊ ಜಾಹೀರಾತು ಸಂಸ್ಥೆಯಲ್ಲಿ ಗ್ರಾಹಕರು ತಪ್ಪು ಹೇಳುವುದಿಲ್ಲ. ಇದು ಅಭಿಪ್ರಾಯವಲ್ಲ, ನಿಯಮ. ಗ್ರಾಹಕರು ಹೇಳಿದ್ದು ಮೇಲ್ನೋಟಕ್ಕೆ ತಪ್ಪಾಗಿ ಕಂಡರೆ ಅದನ್ನು 'ದೂರದೃಷ್ಟಿ' ಎಂದು ಕರೆಯತಕ್ಕದ್ದು. ನಿನ್ನೆ ಹೇಳಿದ್ದಕ್ಕೆ ವಿರುದ್ಧವಾಗಿ ಇಂದು ಹೇಳಿದರೆ 'ವಿಕಾಸ' ಎಂದು ಕರೆಯತಕ್ಕದ್ದು. ಏನೂ ಹೇಳದೆ ಊಟಕ್ಕೆ ಎದ್ದುಹೋದರೆ ತಾತ್ತ್ವಿಕ ಒಪ್ಪಿಗೆಯೆಂದು ಭಾವಿಸಿ ಬಿಲ್ಲು ಕಳಿಸತಕ್ಕದ್ದು. ಸಂಸ್ಥೆಯ ಮುಖ್ಯಸ್ಥ ಫುಲ್ಜೆನ್ಸ್ ಕಪಿಂಗಾ ಈ ನಿಯಮಗಳನ್ನು ತಾವೇ ರಚಿಸಿ, ಚೌಕಟ್ಟು ಹಾಕಿಸಿ, ಶೌಚಾಲಯದ ಬಾಗಿಲ ಒಳಬದಿಗೆ ತೂಗುಹಾಕಿಸಿದ್ದರು. ನೌಕರರಿಗೆ ಗ್ರಾಹಕರ ಬಗ್ಗೆ ಕೆಟ್ಟ ಆಲೋಚನೆಗಳು ಬರುವುದು ಏಕಾಂತದಲ್ಲಿಯೇ ಎಂಬುದು ಅವರ ಅನುಭವ.

ಆ ಸಂಸ್ಥೆಯಲ್ಲಿ ಜಾಹೀರಾತಿನ ಮಾತುಗಳನ್ನು ಬರೆಯುವ ಕೆಲಸ ಸಿಕುಜುವಾಳದ್ದು. ಸಿಕುಜುವಾ ಎಂದರೆ 'ನನಗೆ ಗೊತ್ತಿರಲಿಲ್ಲ' ಎಂದರ್ಥ. ಗಂಡ ಟಾಂಗಾ ಎಂಬ ಊರಿನಲ್ಲಿ ಇನ್ನೊಂದು ಸಂಸಾರ ಇಟ್ಟಿರುವ ಸುದ್ದಿ ಹೆರಿಗೆಯ ದಿನವೇ ಕಿವಿಗೆ ಬಿದ್ದುದರಿಂದ ಆಕೆಯ ತಾಯಿ ಬಿ ಮ್ವಂತೂಮು ಮಗಳಿಗೆ ಆ ಹೆಸರಿಟ್ಟಿದ್ದಳು. ಫುಲ್ಜೆನ್ಸ್ ಅದನ್ನು ಕೇಳಿದೊಡನೆ ಕೆಲಸ ಕೊಟ್ಟಿದ್ದರು. "ನಮ್ಮ ವೃತ್ತಿಗೆ ಇದಕ್ಕಿಂತ ಒಳ್ಳೆ ಹೆಸರಿಲ್ಲಮ್ಮ. ನಾಳೆ ಏನಾದ್ರೂ ಎಡವಟ್ಟಾದ್ರೆ ಹೆಸರು ಹೇಳಿದ್ರೆ ಸಾಕು."

ಚಾಂಗೊಂಬೆಯ ಶ್ವಾರಿ ಸೊಳ್ಳೆಬತ್ತಿ ಕಂಪನಿ ಈ ಸಂಸ್ಥೆಯ ಅತ್ಯಂತ ದೊಡ್ಡ ಗ್ರಾಹಕ. ಶ್ವಾರಿ ಎಂದರೆ ನಿಶ್ಚಿಂತೆ. ಬತ್ತಿ ಚೆನ್ನಾಗಿಯೇ ಇತ್ತು. ಹಚ್ಚಿಟ್ಟರೆ ಸೊಳ್ಳೆ ಸಾಯುತ್ತಿತ್ತು. ಅದರಲ್ಲಿದ್ದ ದೋಷ ಅದೊಂದೇ ಎಂಬುದು ಆಗಿನ್ನೂ ಯಾರ ಗಮನಕ್ಕೂ ಬಂದಿರಲಿಲ್ಲ.

ಹೊಸ ಜಾಹೀರಾತು ಬೇಕೆಂದು ಕಂಪನಿಯ ಪ್ರಚಾರ ಅಧಿಕಾರಿ ದೇವೋತಾ ಒಂದು ಬೆಳಗ್ಗೆ ಉಪೇಪೊಗೆ ಬಂದಳು.

"ನನಗೆ ಹೊಸತು ಬೇಕು. ಯಾರೂ ಎಲ್ಲೂ ನೋಡಿರಬಾರದು. ಆದ್ರೆ ನಮ್ಮ ಯಜಮಾನ್ರಿಗೆ ಇದನ್ನೆಲ್ಲೋ ನೋಡಿದೀನಲ್ಲ ಅನ್ನಿಸಬೇಕು. ಇಲ್ದಿದ್ರೆ ಭಯ ಬೀಳ್ತಾರೆ."

"ಅರ್ಥ ಆಯ್ತು," ಎಂದರು ಫುಲ್ಜೆನ್ಸ್.

"ಧೈರ್ಯ ಇರಬೇಕು."

"ಇರತ್ತೆ."

"ಜಾಸ್ತಿ ಬೇಡ."

"ಇರಲ್ಲ."

ಸಿಕುಜುವಾ ಮಾರನೆಯ ದಿನ ಒಂದು ಲೋಟ ಚಹಾ ಮುಗಿಯುವುದರೊಳಗೆ ಬರೆದು ಮುಗಿಸಿದಳು: 'ಶ್ವಾರಿ ಹಚ್ಚಿ, ಸೊಳ್ಳೆ ಸಾಯಲಿ.' ಚಿತ್ರಕಾರ ಜುಬೇರಿ ಅದಕ್ಕೊಪ್ಪುವಂತೆ ಒಂದು ಸೊಳ್ಳೆಯನ್ನು ಬರೆದ. ದೊಡ್ಡ ಹೊಟ್ಟೆ, ಬೂದು ಬಣ್ಣದ ಕೋಟು, ಊರವರ ರಕ್ತ ಕುಡಿದು ಬೀಗಿದ ಮುಖ. ಹೊಗೆ ತಾಗಿದೊಡನೆ ಅಂಗಾತ ಬೀಳುವ ಭಂಗಿ. ಫುಲ್ಜೆನ್ಸ್ ನೋಡಿ ಸಂತೋಷಪಟ್ಟರು. "ಆದ್ರೆ ಸಲೀಸಾಗಿ ಬಂತು ಅಂತ ಬಾಯಿಬಿಡಬೇಡ ಕಣಮ್ಮ. ನೋವಿಲ್ಲದ ಹೆರಿಗೆಗೆ ಯಾರೂ ಫೀಸು ಕೊಡಲ್ಲ," ಎಂದು ಹೇಳಿ, ಎರಡು ವಾರ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಶ್ವಾರಿಯ ಯಜಮಾನ ಹಾಶಿಲ್ ಕಿಂಗ್ವಂಡೆಯವರು ಸಭೆಗೆ ಬಂದು ಕುರ್ಚಿ ತುಂಬ ಕುಳಿತರು. ಚಿತ್ರವನ್ನು ಮುಂದಿಡಲಾಯಿತು. ಅವರು ಮಾತನ್ನು ಓದಲಿಲ್ಲ.

"ಈ ಹೊಟ್ಟೆ ಯಾರದು?"

ಯಾರೂ ಯಜಮಾನರ ಹೊಟ್ಟೆಯ ಕಡೆ ನೋಡಲಿಲ್ಲ. ನೋಡದೆ ಇರಲು ಎಷ್ಟು ಶ್ರಮಪಟ್ಟರೆಂದರೆ ಜುಬೇರಿಯ ಕತ್ತು ಉಳುಕಿತು.

"ಸೊಳ್ಳೆದು, ಯಜಮಾನ್ರೇ," ಎಂದ ಅವನು, ಗೋಡೆಯ ಕಡೆ ತಿರುಗಿಕೊಂಡೇ.

"ಸೊಳ್ಳೆಗೆ ಕೋಟು ಯಾಕಯ್ಯಾ? ಅದೂ ನನ್ನ ಕೋಟಿನ ಬಣ್ಣಾನೇ ಯಾಕೆ?"

"ಬೆಳಗ್ಗಿಂದ ನಾವೂ ಅದನ್ನೇ ಮಾತಾಡ್ಕೊಳ್ತಿದ್ವಿ," ಎಂದರು ಫುಲ್ಜೆನ್ಸ್. "ಕೋಟು ಬಿಚ್ಚಿಸ್ತೀವಿ. ಹೊಟ್ಟೆ ಕರಗಿಸ್ತೀವಿ."

ಆಮೇಲೆ ಯಜಮಾನರು ಮಾತನ್ನು ಓದಿದರು. ಓದಿ, ಕನ್ನಡಕ ತೆಗೆದರು. "ಸಾಯಲಿ ಅಂತ ಬೇಡ ಕಣಮ್ಮ. ನಮ್ಮಪ್ಪ ಕಟ್ಟಿದ ಕಂಪನಿ. ಅದರ ಹೆಸರಿನ ಪಕ್ಕ ಸಾವು ಗೀವು ಅಪಶಕುನ. ಬೇರೆ ಹೇಳು."

"ಸೊಳ್ಳೆ ತೊಲಗಲಿ," ಎಂದಳು ಸಿಕುಜುವಾ.

"ಬೈದ ಹಾಗಾಯ್ತು."

"ಸೊಳ್ಳೆ ಹೋಗಲಿ."

"ಮನೆಗೆ ಬಂದೋರನ್ನ ಹೋಗು ಅಂತಾರೇನೇ? ಕರಾವಳಿ ಮಂದಿ ನಾವು. ಮರ್ಯಾದೆ ಅನ್ನೋದು ಬೇಡ್ವಾ?"

ಸಿಕುಜುವಾಗೆ ರೇಗಿತು. "ಹಾಗಾದ್ರೆ, ಸೊಳ್ಳೆ ಹೋಗಿಬರಲಿ!"

ಫುಲ್ಜೆನ್ಸ್ ಮೇಜಿನ ಕೆಳಗಿನಿಂದ ಆಕೆಯ ಕಾಲು ತುಳಿದರು. ಆದರೆ ಯಜಮಾನರ ಕಣ್ಣಲ್ಲಿ ನಿಧಾನವಾಗಿ ಬೆಳಕು ಮೂಡಿತು. "ನೋಡಿದ್ಯಾ? ನಿನ್ನೊಳಗೇ ಇತ್ತು. ನಾನು ಹೊರಗೆ ತೆಗೆದೆ," ಎಂದು ಹೇಳಿ ಊಟಕ್ಕೆ ಎದ್ದರು.

"ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ," ಎಂದರು ಫುಲ್ಜೆನ್ಸ್, ಬಾಗಿಲವರೆಗೆ ಕಳಿಸಿಬಂದು.

"ಇನ್ನು ಹಾವಿಗೆ ಹಾಲೊಂದು ಎರೀಬೇಕು," ಎಂದ ಜುಬೇರಿ, ಕತ್ತು ನೀವಿಕೊಳ್ಳುತ್ತ.

ಅದನ್ನೂ ಎರೆಯಲಾಯಿತು. ಹೋಗಿಬರುವ ಸೊಳ್ಳೆ ಸಿಡುಕು ಮುಖ ಮಾಡಿಕೊಂಡು ಹೋಗಬಾರದೆಂದು ದೇವೋತಾ ಸೂಚಿಸಿದ್ದರಿಂದ ಅದಕ್ಕೆ ನಗು ಬಂತು. ನಗುವವನ ತಲೆ ಬೋಳಾಗಿರಬಾರದೆಂದು ಕಸೂತಿ ಟೋಪಿ ಬಂತು. ಟೋಪಿ ಇಟ್ಟವನಿಗೆ ಹೆಸರಿಲ್ಲದಿದ್ದರೆ ಹೇಗೆ? ಎಂಬು ಎಂದರೆ ಸೊಳ್ಳೆ, ಕಾಕಾ ಎಂದರೆ ಅಣ್ಣ. ಹೀಗಾಗಿ ಕಾಕಾ ಎಂಬು.

ಕಚ್ಚುವುದು ಹೆಣ್ಣು ಸೊಳ್ಳೆಯೆಂದು ಸಿಕುಜುವಾ ನೆನಪಿಸಿದಳು.

"ಬತ್ತಿ ಕೊಳ್ಳೋರು ಹೆಂಗಸರು. ಅವರ ಮೇಲೆ ಗೂಬೆ ಕೂರಿಸಬಾರದು," ಎಂದಳು ದೇವೋತಾ. "ಗಂಡೇ ಇರಲಿ. ಗಂಡು ಕಚ್ಚೋದೇ ಇಲ್ಲ ಅಂದ್ರೆ ಇನ್ನೂ ಒಳ್ಳೇದಾಯ್ತು. ಪಾಪ, ನಿರಪರಾಧಿ."

ಜಾಹೀರಾತನ್ನು ಜನರ ಮುಂದಿಟ್ಟು ಪರೀಕ್ಷಿಸಬೇಕೆಂಬ ನಿಯಮವಿದೆ. ಎಂಬಗಾಲಾದ ಒಂದು ಮದುವೆ ಛತ್ರದಲ್ಲಿ ತಾಯಂದಿರನ್ನು ಕೂರಿಸಿ, ಪಿಲಾವು ಬಡಿಸಿ, ಚಿತ್ರ ತೋರಿಸಿ, ಏನು ಇಷ್ಟವಾಯಿತೆಂದು ಕೇಳಲಾಯಿತು. ಪಿಲಾವು ಎಂದರು. ಸಮೀಕ್ಷೆಯ ವರದಿ ಹೀಗಿತ್ತು: 'ಆಹಾರವನ್ನು ಹೊರತುಪಡಿಸಿದರೆ ಅತಿ ಹೆಚ್ಚು ಮೆಚ್ಚುಗೆ ಗಳಿಸಿದ್ದು ಸೊಳ್ಳೆ. ಬತ್ತಿಯ ಬಗ್ಗೆ ಯಾರಿಗೂ ನಿರ್ದಿಷ್ಟ ಅಭಿಪ್ರಾಯವಿರಲಿಲ್ಲ. ಒಬ್ಬಾಕೆ ಅದನ್ನು ಸೊಳ್ಳೆಯ ಹಾಸಿಗೆಯೆಂದು ತಿಳಿದಿದ್ದರು.'

ಕಾಕಾ ಎಂಬು ಊರಿಗೆ ಇಳಿದ. ದಲದಲ ವ್ಯಾನುಗಳ ಬೆನ್ನ ಮೇಲೆ, ಮೇಲ್ಸೇತುವೆಯ ಕಂಬಗಳ ಮೇಲೆ, ಮೀನು ಮಾರುಕಟ್ಟೆಯ ಹೆಬ್ಬಾಗಿಲಲ್ಲಿ ಕೈಬೀಸಿದ. ಮಕ್ಕಳು ಶಾಲೆಗೆ ಹೋಗುವಾಗ ಅವನ ಹಾಡು ಹೇಳಿದರು. ಪೊಟ್ಟಣದೊಳಗೆ ಅವನದೊಂದು ಅಂಟುಚಿತ್ರ ಸಿಗುತ್ತಿದ್ದುದರಿಂದ, ಸೊಳ್ಳೆಯಿಲ್ಲದ ಮನೆಯವರೂ ಬತ್ತಿ ಕೊಂಡರು.

ಟಂಡೀಕಾದ ಮನೆಯ ಮುಂದೆ ಒಲೆ ಹೂಡಿ ಅಕ್ಕಿಯ ಪಡ್ಡಿನಂಥ ವಿತುಂಬುವಾ ಸುಟ್ಟು ಮಾರುವ ಬಿ ಮ್ವಂತೂಮು ಮಾತ್ರ ಅಂಟುಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಇದೇನೇ ಇದು? ಟೋಪಿ ಹಾಕಿದ್ದು ಸೊಳ್ಳೆಗೋ, ನಮಗೋ?"

"ಬತ್ತಿ ಚೆನ್ನಾಗಿದೆಯಮ್ಮ. ಹಚ್ಚು ನೀನು," ಎಂದಳು ಸಿಕುಜುವಾ. ಕಚೇರಿಯಲ್ಲಿ ಪುಕ್ಕಟೆ ಸಿಗುತ್ತಿದ್ದ ಪೊಟ್ಟಣಗಳನ್ನು ಆಕೆ ಚೀಲ ತುಂಬ ಮನೆಗೆ ತರುತ್ತಿದ್ದಳು.

ಸಂಕಷ್ಟ ಬಂದದ್ದು ರೇಡಿಯೋದಿಂದ. ಬೆಳಗಿನ ಹರಟೆ ಕಾರ್ಯಕ್ರಮಕ್ಕೆ ಕಿಗಂಬೋನಿಯ ಒಬ್ಬ ತಂದೆ ಫೋನು ಮಾಡಿ, ತನ್ನ ಮಗಳು ಮಂಚದ ಕೆಳಗೆ ಶ್ವಾರಿ ಬತ್ತಿಯ ಪಕ್ಕದಲ್ಲಿಯೇ ಕಾಕಾ ಎಂಬು ಸತ್ತುಬಿದ್ದಿರುವುದನ್ನು ಕಂಡಳೆಂದೂ, ಅಂದಿನಿಂದ ಊಟ ಬಿಟ್ಟಿದ್ದಾಳೆಂದೂ, ಪಪ್ಪಾಯಿ ಗಿಡದ ಬುಡದಲ್ಲಿ ಮಣ್ಣು ಮಾಡಿದೆವೆಂದೂ, ನೆರೆಯವರು ಬಂದು ಸಂತಾಪ ಹೇಳಿ ಹೋದರೆಂದೂ ತಿಳಿಸಿದ. ನಿರೂಪಕ ಒಂದು ನಿಮಿಷ ಮೌನ ಆಚರಿಸಿದ. ಮುಂದೆ ಫೋನು ಮಾಡಿದವರೆಲ್ಲರ ಮನೆಯಲ್ಲೂ ಕಾಕಾ ಸತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಬತ್ತಿಯನ್ನು ವಾಪಸು ಕಳಿಸತೊಡಗಿದವು.

ತುರ್ತು ಸಭೆ ಕರೆಯಲಾಯಿತು.

"ನಮ್ಮ ಸರಕೇ ನಮ್ಮ ರಾಯಭಾರಿನ ಕೊಲ್ತಾ ಇದೆ!" ಎಂದು ದೇವೋತಾ ಹಣೆ ಹಿಡಿದುಕೊಂಡಳು.

ಫುಲ್ಜೆನ್ಸ್ ಗಂಭೀರವಾಗಿ ಕರಾರುಪತ್ರ ತೆಗೆದರು. ಹಿಂದೊಮ್ಮೆ ಒಬ್ಬ ಚೆಂಡಾಟಗಾರನಿಗಾಗಿ ಬರೆದಿದ್ದ ಕರಾರನ್ನೇ ಸೊಳ್ಳೆಗೂ ನಕಲು ಮಾಡಲಾಗಿತ್ತು. ಅದರ ಪ್ರಕಾರ, ಪ್ರಚಾರದ ಅವಧಿಯಲ್ಲಿ ರಾಯಭಾರಿಯ ಮಾನಕ್ಕಾಗಲಿ ಪ್ರಾಣಕ್ಕಾಗಲಿ ಕಂಪನಿಯ ಉತ್ಪನ್ನದಿಂದ ಹಾನಿಯಾಗತಕ್ಕದ್ದಲ್ಲ. ಕಂಪನಿ ಕರಾರು ಮುರಿದಿದೆಯೆಂಬುದು ಸ್ಪಷ್ಟವಾಯಿತು.

ಕಾರ್ಖಾನೆಯ ರಸಾಯನ ತಜ್ಞನನ್ನು ಕರೆಸಿದರು.

"ಕೊಲ್ಲೋದು ಯಾವುದಯ್ಯಾ ಅದರಲ್ಲಿ?" ಎಂದು ಯಜಮಾನರು ಕೇಳಿದರು.

"ಔಷಧಿ."

"ಅದನ್ನ ತೆಗೆದ್ರೆ?"

"ಬರೀ ಹೊಗೆ ಬರತ್ತೆ."

"ಔಷಧಿಗೆ ಖರ್ಚು ಹೇಗೆ?"

"ಬತ್ತೀಲಿ ದುಬಾರಿ ಅನ್ನೋದಿದ್ರೆ ಅದೊಂದೇ, ಯಜಮಾನ್ರೇ. ಮಿಕ್ಕಿದ್ದು ಮರದ ಪುಡಿ."

ಯಜಮಾನರು ಗೋಡೆಯ ಮೇಲೆ ಕೈಬೀಸುತ್ತಿದ್ದ ಕಾಕಾ ಎಂಬುವನ್ನು ಬಹಳ ಹೊತ್ತು ನೋಡಿದರು. ಆ ಗಳಿಗೆಯಲ್ಲಿ ಅವರೊಳಗೆ ಚಿಮ್ಮಿದ ಭೂತದಯೆ ಮುಂದೆಂದೂ ಬತ್ತಲಿಲ್ಲ.

ಪತ್ರಿಕೆಗಳಲ್ಲಿ ಪ್ರಕಟಣೆ ಬಂತು. 'ಸಾರ್ವಜನಿಕರ ಗಮನಕ್ಕೆ. ಹೊಸ ಶ್ವಾರಿ ಈಗ ಇನ್ನಷ್ಟು ಸೌಮ್ಯ. ಇದರಿಂದ ಯಾವುದೇ ಜೀವಿಗೆ ಅಪಾಯವಿರುವುದಿಲ್ಲ. ಕರುಣೆಯ ಬೆಲೆಯನ್ನು ಗ್ರಾಹಕರು ಅರಿತವರಾದ್ದರಿಂದ ದರವನ್ನು ಅಲ್ಪ ಪ್ರಮಾಣದಲ್ಲಿ ಪರಿಷ್ಕರಿಸಲಾಗಿದೆ.' ಧೂಮಪದಾರ್ಥಗಳ ತಪಾಸಣಾ ಕಚೇರಿಯವರು ಒಂದು ಗಾಜಿನ ಪೆಟ್ಟಿಗೆಯಲ್ಲಿ ಸೊಳ್ಳೆಗಳನ್ನು ಬಿಟ್ಟು ಹೊಸ ಬತ್ತಿಯನ್ನು ಹಚ್ಚಿ ನೋಡಿದರು. ಎಲ್ಲವೂ ಆರೋಗ್ಯವಾಗಿದ್ದವು. ಬತ್ತಿ ಸುರಕ್ಷಿತವೆಂದು ಮುದ್ರೆ ಒತ್ತಿದರು. ಸೊಳ್ಳೆಬತ್ತಿಯೆಂದರೆ ಸೊಳ್ಳೆ ಇರುವಲ್ಲಿ ಹಚ್ಚುವ ಬತ್ತಿಯೆಂದು ಕಾಯಿದೆಯಲ್ಲಿದೆಯೇ ಹೊರತು, ಹಚ್ಚಿದ ಮೇಲೆ ಏನಾಗಬೇಕೆಂಬ ಉಲ್ಲೇಖವಿಲ್ಲ.

ಮಾರಾಟ ಮೊದಲಿಗಿಂತ ಹೆಚ್ಚಾಯಿತು. ಕಿಗಂಬೋನಿಯ ಹುಡುಗಿ ಊಟ ಮಾಡಿದಳೆಂದು ರೇಡಿಯೋದಲ್ಲಿ ಬಂತು.

ಮಳೆ ಹಿಡಿದ ಮೇಲೆ ಬಿ ಮ್ವಂತೂಮು ಒಲೆಯ ಮುಂದಿನಿಂದ ಎದ್ದು ಒಳಗೆ ಹೋಗಿ ಮಲಗಿದಳು. ಹಾಗೆ ಹಗಲಲ್ಲಿ ಮಲಗಿದವಳೇ ಅಲ್ಲ. ಸಿಕುಜುವಾ ಹಣೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಳು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು.

"ಮೂಳೆನೆಲ್ಲ ಒನಕೇಲಿ ಕುಟ್ಟಿದ ಹಾಗಿದೆ ಕಣೇ," ಎಂದಳು ತಾಯಿ. "ನಿನ್ನ ಆ ಕಾಕಾ ದಿನಾ ಬಂದು ನನ್ನ ಮೈಮೇಲೆ ಕೂತು ಊಟ ಮಾಡ್ತಾನೆ. ಹೊಗೆಗೆ ಕೆಮ್ಮೋಳು ಮಾತ್ರ ನಾನು."

ಬಜಾಜಿ ಆಟೋ ಹಿಡಿದು ಆಸ್ಪತ್ರೆಗೆ ಒಯ್ದರು. ಮಲೇರಿಯಾ ಎಂದು ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ವಾರ್ಡಿನಲ್ಲಿ ಬೇರೆ ಕಾಯಿಲೆಯವರೇ ಇರಲಿಲ್ಲ. ಗೋಡೆಗಳಿಗೆ ಶ್ವಾರಿ ಕಂಪನಿಯವರೇ ಉದಾರವಾಗಿ ಬಣ್ಣ ಹೊಡೆಸಿಕೊಟ್ಟಿದ್ದರು. ಪ್ರತಿ ಮಂಚದ ತಲೆಯ ಮೇಲೂ ಕಾಕಾ ಎಂಬು ಟೋಪಿ ಎತ್ತಿ ನಗುತ್ತಿದ್ದ: 'ಬೇಗ ಹುಷಾರಾಗಿ! ಮನೆಯಲ್ಲಿ ಕಾಯುತ್ತಿರುತ್ತೇನೆ.' ಆ ಮಾತು ಸಿಕುಜುವಾ ಬರೆದದ್ದೇ. ಯಾವುದೋ ಮಕ್ಕಳ ಕಾರ್ಡಿಗೆಂದು ಫುಲ್ಜೆನ್ಸ್ ಬರೆಸಿಕೊಂಡಿದ್ದರು.

ತಾಯಿ ಜ್ವರದಲ್ಲಿ ಏನೇನೋ ಬಡಬಡಿಸಿದಳು. ಸತ್ತುಹೋದ ತಂಗಿಯನ್ನು ಕರೆದಳು. ಸಿಕುಜುವಾ ಆಕೆಯ ಕೈ ಹಿಡಿದು ಕುಳಿತಳು. ಚೀಲ ತುಂಬ ಪೊಟ್ಟಣ ಹೊತ್ತು ತಂದ ಕೈ ತನ್ನದೇ ಎಂಬುದು ಬಿಟ್ಟರೆ ಬೇರೇನೂ ತಲೆಗೆ ಬರಲಿಲ್ಲ. ಮಾರನೆಯ ಬೆಳಗ್ಗೆ ಜ್ವರ ಸ್ವಲ್ಪ ಇಳಿದು, ತಾಯಿ ಗಂಜಿ ಸಪ್ಪೆಯಾಗಿದೆಯೆಂದು ನರ್ಸನ್ನು ಬೈದ ಮೇಲೆ, ಅಲ್ಲಿಂದಲೇ ನೇರವಾಗಿ ಶ್ವಾರಿಯ ಸಭೆಗೆ ಹೋದಳು.

ಸಭೆಯಲ್ಲಿ ಕಾಕಾ ಎಂಬುವಿಗೆ ಮದುವೆ ಮಾಡಿಸುವ ವಿಷಯ ನಡೆಯುತ್ತಿತ್ತು. ಸಿಕುಜುವಾ ಎದ್ದು ನಿಂತಳು.

"ನಮ್ಮ ಬತ್ತಿಗೆ ಸೊಳ್ಳೆ ಸಾಯಲ್ಲ. ನಮ್ಮಮ್ಮ ಮಲೇರಿಯಾ ಆಗಿ ಮಲಗಿದಾಳೆ. ವಾರ್ಡ್ ತುಂಬ ಅಂಥೋರೇ ಇದಾರೆ. ಔಷಧಿ ವಾಪಸ್ ಹಾಕಿ."

ಇಷ್ಟು ಸರಳವಾದ ವಾಕ್ಯಗಳನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ರಸಾಯನ ತಜ್ಞ ತನ್ನ ಚಪ್ಪಲಿ ನೋಡಿಕೊಂಡ. ದೇವೋತಾ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಫುಲ್ಜೆನ್ಸರ ಮುಖ, ಬಿಲ್ಲು ಹರಿದುಹೋದುದನ್ನು ಕಣ್ಣಾರೆ ಕಂಡವರ ಹಾಗಾಯಿತು.

ಯಜಮಾನರು ಮಾತ್ರ ಕರಗಿಹೋದರು. ಅವರು ಕೆಟ್ಟವರಲ್ಲ. "ಪಾಪ. ಈಗ ಹೇಗಿದಾರಮ್ಮ ತಾಯಿ?"

"ಸುಧಾರಿಸ್ಕೋತಿದಾಳೆ."

"ನಗ್ತಾರಾ?"

"ಬೈತಾಳೆ."

"ಬೈಯೋ ಶಕ್ತಿ ಬಂದಿದೆ!" ಯಜಮಾನರು ದೇವೋತಾಳ ಕಡೆ ತಿರುಗಿದರು. "ಕೇಳಿದ್ಯಾ? ದಿನಾ ನಮ್ಮ ಬತ್ತಿ ಹಚ್ಚಿದಾರೆ. ಮಲೇರಿಯಾ ಬಂದಿದೆ. ಆದ್ರೂ ಎದ್ದು ಕೂತಿದಾರೆ. ಇಂಥ ಗ್ರಾಹಕರು ಎಲ್ಲಿ ಸಿಗ್ತಾರೆ?"

"ನೈಜ ಅನುಭವ," ಎಂದರು ಫುಲ್ಜೆನ್ಸ್, ಉಸಿರು ಬಿಟ್ಟು. "ನಾವೂ ಅದನ್ನೇ ಹುಡುಕ್ತಿದ್ವಿ."

ಸಿಕುಜುವಾ ಚೀಲ ಹೆಗಲಿಗೇರಿಸಿದಳು. "ನಾನು ಇನ್ನು ಬರೆಯಲ್ಲ," ಎಂದು ಹೇಳಿ ಹೊರಬಿದ್ದಳು. ದಲದಲದಲ್ಲಿ ಕಿಟಕಿಯ ಪಕ್ಕ ಒತ್ತರಿಸಿ ಕುಳಿತಾಗ ಎದೆ ಹಗುರಾಯಿತು. ತಾಯಿಯ ಪಕ್ಕ ಇನ್ನೊಂದು ಒಲೆ ಹೂಡಿದರಾಯಿತು. ವಿತುಂಬುವಾದ ಬಗ್ಗೆ ಯಾರೂ ಸುಳ್ಳು ಹೇಳಬೇಕಾಗಿಲ್ಲ, ತಿಂದವರಿಗೇ ಗೊತ್ತಾಗುತ್ತದೆ. ಆಸ್ಪತ್ರೆಯ ದಾರಿಯಲ್ಲಿ ಹೊಗೆ ಉಗುಳುತ್ತ ನಿಂತ ಗಾಡಿಗಳ ಸಾಲು ಬಹಳ ಉದ್ದವಿತ್ತು. ದೇವೋತಾ ಅಲ್ಲಿಗೆ ಬಂದದ್ದು ಕಂಪನಿಯ ಕಾರಿನಲ್ಲಿ, ಒಳದಾರಿಯಿಂದ.

ಹಾಗಾಗಿ ಸಿಕುಜುವಾ ವಾರ್ಡಿಗೆ ಕಾಲಿಟ್ಟಾಗ, ತಾಯಿ ದಿಂಬಿಗೊರಗಿ ಕುಳಿತು, ತಲೆವಸ್ತ್ರ ಸರಿಮಾಡಿಕೊಂಡು, ದೇವೋತಾ ತಂದ ಮಾವಿನಹಣ್ಣು ತಿನ್ನುತ್ತಿದ್ದಳು. ಫೋಟೋದವನು ದೀಪ ನಿಲ್ಲಿಸುತ್ತಿದ್ದ.

"ಬಾರೇ," ಎಂದಳು ಬಿ ಮ್ವಂತೂಮು. "ನಿಮ್ಮೋರು ಮಾತಿಗೆ ಬಂದಿದಾರೆ. ನನ್ನ ಒಲೆ ಮೇಲೆ ತಗಡಿನ ಚಾವಣಿ ಹಾಕಿಸ್ಬೇಕು ಅಂದೆ, ಒಪ್ಪಿದ್ರು. ಬಣ್ಣನೂ ಹೊಡೀತಾರಂತೆ."

"ಅಮ್ಮಾ, ನಾನು ಕೆಲಸ ಬಿಟ್ಟೆ."

"ಬಿಟ್ಯಾ? ಮತ್ತೆ ಹಿಡ್ಕೋ. ಆಸ್ಪತ್ರೆ ವಿಮೆ ಯಾರ ಕೆಲಸದ್ದು? ನಾನು ಇನ್ನೂ ಗುಳಿಗೆ ಮುಗಿಸಿಲ್ಲ."

"ಅವರ ಬತ್ತಿಯಿಂದಾನೇ ನಿನಗೆ ಹೀಗಾಗಿದ್ದು!"

"ನಂಗೊತ್ತಿಲ್ವೇನೇ? ಅದಕ್ಕೇ ಇನ್ನೊಂದು ಕರಾರು ಹಾಕಿದೀನಿ. ಹಳೇ ಬತ್ತಿ ಕೊಡಬೇಕು, ಔಷಧಿ ಇರೋದು." ದೇವೋತಾ ಅತ್ತಿತ್ತ ನೋಡಿ, ಹಳೆಯ ದಾಸ್ತಾನು ಯಜಮಾನರ ಮಲಗುವ ಮನೆಗೆಂದು ತೆಗೆದಿಟ್ಟಿದೆಯೆಂದೂ, ಅದರಲ್ಲಿ ಸ್ವಲ್ಪ ಕೊಡಿಸಬಹುದೆಂದೂ ಪಿಸುಗುಟ್ಟಿದಳು. ಬಿ ಮ್ವಂತೂಮು ಮಾವಿನ ವಾಟೆಯನ್ನು ಚೀಪಿ ಮಗಳ ಕೈಗಿಟ್ಟಳು. "ಕಚ್ಚೋದು ಸೊಳ್ಳೆ ಕೆಲಸ, ಕೆರ್ಕೊಳ್ಳೋದು ನಮ್ಮ ಕೆಲಸ. ಮಧ್ಯದಲ್ಲಿ ನಿಮ್ಮ ಆಫೀಸಿಗೆ ಏನು ಕೆಲಸ ಅಂತ ಇಷ್ಟು ವರ್ಷ ನಂಗೆ ಅರ್ಥನೇ ಆಗಿರಲಿಲ್ಲ. ಇವತ್ತು ಆಯ್ತು. ಸರಿ ಸ್ವಲ್ಪ, ಫೋಟೋಗೆ ಅಡ್ಡ ಬರ್ತಿದೀಯ."

ಚಿತ್ರದಲ್ಲಿ ಬಿ ಮ್ವಂತೂಮು ಕಾಕಾ ಎಂಬುವಿನ ಕಾಲೊಂದನ್ನು ಹಿಡಿದು ಕೈಕುಲುಕುತ್ತಿದ್ದಳು. ಕೆಳಗೆ ಒಂದು ಮಾತು ಬೇಕಾಗಿತ್ತು. ಕೆಲಸಕ್ಕೆ ಮರಳಿದ್ದ ಸಿಕುಜುವಾ ಸಿಟ್ಟಿನಿಂದ ಬರೆದಳು. ಓದಿದವರಿಗೆ ನಾಚಿಕೆಯಾಗಬೇಕು, ಯಜಮಾನರು ಮುಖ ಮುಚ್ಚಿಕೊಳ್ಳಬೇಕು, ದೇವೋತಾ ಅಳಬೇಕು ಎಂದುಕೊಂಡು, ಪೆನ್ನು ಒತ್ತಿ ಬರೆದಳು: 'ಕಚ್ಚಿದರೂ ನಮ್ಮವನೇ.'

ಯಜಮಾನರು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಒಂದಕ್ಷರವನ್ನೂ ಬದಲಿಸಲಿಲ್ಲ. ಉಪೇಪೊ ಸಂಸ್ಥೆಯಲ್ಲಿ ಅಂಥದ್ದು ಅದಕ್ಕೆ ಮೊದಲು ನಡೆದಿರಲಿಲ್ಲ. ಫುಲ್ಜೆನ್ಸ್ ಆ ದಿನ ಎಲ್ಲರನ್ನೂ ಬೇಗ ಮನೆಗೆ ಕಳಿಸಿದರು. ಆ ಮಾತು ಊರೆಲ್ಲ ಹಬ್ಬಿತು. ಚುನಾವಣೆಗೆ ನಿಂತಿದ್ದ ಇಬ್ಬರು ಅದನ್ನು ತಮ್ಮ ಭಿತ್ತಿಪತ್ರಕ್ಕೂ ಬಳಸಿಕೊಳ್ಳಲು ಅನುಮತಿ ಕೇಳಿದರು.

ಗ್ರಾಹಕರ ಭಾವನೆಗಳನ್ನು ಗೌರವಿಸಿ ಉಪೇಪೊ ಕಚೇರಿಯಲ್ಲಿ ಸುತ್ತೋಲೆ ಹೊರಟಿತು. '೧. ಕಚೇರಿಯ ಆವರಣದಲ್ಲಿ ನೌಕರರು ಸೊಳ್ಳೆ ಹೊಡೆಯತಕ್ಕದ್ದಲ್ಲ. ೨. ಸೊಳ್ಳೆ ಮೈಮೇಲೆ ಕುಳಿತಲ್ಲಿ ಮೃದುವಾಗಿ ಊದಬಹುದು. ಗ್ರಾಹಕರು ಎದುರಿಗಿದ್ದಲ್ಲಿ ಊದತಕ್ಕದ್ದಲ್ಲ. ೩. ಕೆರೆದುಕೊಳ್ಳುವುದು ನೌಕರರ ಖಾಸಗಿ ವಿಷಯ.' ಜುಬೇರಿ ಮೊದಮೊದಲು ಗೊಣಗಿದ. ಆಮೇಲೆ ಅವನೂ ಊದತೊಡಗಿದ.

ವರ್ಷದ ಅತ್ಯುತ್ತಮ ಜಾಹೀರಾತಿನ ಪ್ರಶಸ್ತಿ ಕೊಟ್ಟದ್ದು ಕಡಲ ದಂಡೆಯ ಹೋಟೆಲೊಂದರ ಹುಲ್ಲುಹಾಸಿನ ಮೇಲೆ, ಒಂದು ಸಂಜೆ. ಹೊತ್ತು ಮುಳುಗುತ್ತಿತ್ತು. ಮೇಜುಗಳ ಕೆಳಗೆ ಸೌಮ್ಯ ಶ್ವಾರಿ ಹೊಗೆಯಾಡುತ್ತಿತ್ತು. ಬಿ ಮ್ವಂತೂಮು ಹೊಸ ಕಿಟೆಂಗೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತು, ಕಡ್ಡಿಗೆ ಸಿಕ್ಕಿಸಿ ಸುಟ್ಟ ಮಾಂಸ ತಿಂದು ಮುಗಿಸಿ, ಪಕ್ಕದವರ ತಟ್ಟೆಯ ಬಗ್ಗೆ ವಿಚಾರಿಸುತ್ತಿದ್ದಳು.

ಕಿಂಗ್ವಂಡೆಯವರು ಪ್ರಶಸ್ತಿ ಹಿಡಿದು ಮಾತಾಡಲು ನಿಂತರು. "ನಾವು ಸೊಳ್ಳೆ ಮಾರ್ತಿಲ್ಲ, ಬತ್ತಿ ಮಾರ್ತಿಲ್ಲ. ನಾವು ಸಂಬಂಧ ಮಾರ್ತಿದೀವಿ," ಎನ್ನುವಷ್ಟರಲ್ಲಿ ಒಂದು ಸೊಳ್ಳೆ ಬಂದು ಅವರ ವಿಶಾಲವಾದ ಹಣೆಯ ನಟ್ಟನಡುವೆ ಕುಳಿತಿತು.

ಎಲ್ಲರೂ ಕಂಡರು. ಕ್ಯಾಮೆರಾಗಳೂ ಕಂಡವು. ಯಜಮಾನರ ಎರಡು ಕಣ್ಣೂ ನಿಧಾನವಾಗಿ ಒಂದೆಡೆ ಸೇರಿ ಮೇಲೆ ನೋಡಿದವು. ಬಲಗೈ ಎದ್ದಿತು. ಭುಜದ ಮಟ್ಟಕ್ಕೆ ಬಂದದ್ದು ಅಲ್ಲೇ ನಿಂತು, ಏನೋ ನೆನಪಾದಂತೆ, ಜನರ ಕಡೆಗೆ ಮೆಲ್ಲಗೆ ಬೀಸತೊಡಗಿತು. ಮುಖದ ಮೇಲೆ ನಗುವೂ ಬಂತು. ಅತಿಥಿಗಳು ಒಬ್ಬೊಬ್ಬರಾಗಿ ಎದ್ದು ನಿಂತರು. ಸೊಳ್ಳೆಗೆ ಅವಸರವಿರಲಿಲ್ಲ. ಅದು ಸಾವಕಾಶವಾಗಿ ಊಟ ಮುಗಿಸಿ, ಕೆಂಪಾಗಿ ಊದಿದ ಹೊಟ್ಟೆಯನ್ನು ಹೊತ್ತುಕೊಂಡು, ಭಾರವಾಗಿ ದೀಪದ ಕಡೆಗೆ ಹಾರಿಹೋಯಿತು.

ಮೊದಲು ಚಪ್ಪಾಳೆ ತಟ್ಟಿದವಳು ಸಿಕುಜುವಾ. ಯಾಕೆ ತಟ್ಟಿದಳೋ ಆಕೆ ಯೋಚಿಸಲಿಲ್ಲ. ಕಣ್ಣು ತುಂಬಿ ಬಂದಿತ್ತು. ಹೊಗೆ ಇದ್ದರೂ ಇರಬಹುದು. ಫುಲ್ಜೆನ್ಸ್ ತಟ್ಟಿದರು, ದೇವೋತಾ ತಟ್ಟಿದಳು, ಆಮೇಲೆ ಇಡೀ ಹುಲ್ಲುಹಾಸು ತಲೆಯ ಮೇಲೆ, ಕಿವಿಯ ಪಕ್ಕ, ಮೊಣಕಾಲ ಬಳಿ, ಸಿಕ್ಕಸಿಕ್ಕಲ್ಲಿ ಕೈ ಬಡಿಯತೊಡಗಿತು. ಅಷ್ಟು ಹುರುಪಿನ ಚಪ್ಪಾಳೆಯನ್ನು ಹೋಟೆಲಿನವರು ಹಿಂದೆ ಕಂಡಿರಲಿಲ್ಲ. ಬಹಳ ಹೊತ್ತು ನಿಲ್ಲಲೇ ಇಲ್ಲ. ಅದರಲ್ಲಿ ಎಷ್ಟು ಸೊಳ್ಳೆಗಳು ಸತ್ತವೆಂಬುದರ ಬಗ್ಗೆ ಸಂಸ್ಥೆಯ ಬಳಿ ಯಾವುದೇ ಮಾಹಿತಿ ಇಲ್ಲ.